ವೇಗದ ಕಾರ್ಡೋ, ಸಾಕಾಗುವಷ್ಟು ಕಾರ್ಡೋ

ಹೊಸದಾಗಿ ಕ್ಯಾಮೆರಾ ಕೊಂಡ ಸ್ಟ್ರಿಂಗರ್ ಗೆಳೆಯರು ಫೋನ್ ಮಾಡಿದಾಗ ಕೇಳುವ ಮೊದಲ ಪ್ರಶ್ನೆ ಬಹುತೇಕ ಒಂದೇ: "ಅಣ್ಣಾ, ಕಾರ್ಡ್ ಯಾವುದ್ ತಗೋಬೇಕ್ರಿ?" ಕ್ಯಾಮೆರಾಕ್ಕೆ ಸಾಲ ಮಾಡಿರುತ್ತಾರೆ, ಟ್ರೈಪಾಡ್ ಯಾರದೋ ಕಡೆಯಿಂದ ಹಳೆಯದು ಸಿಕ್ಕಿರುತ್ತದೆ, ಮೈಕಿಗೆ ಚಾನೆಲ್‌ನ ಲೋಗೋ ಬಂದಿರುತ್ತದೆ. ಉಳಿಯುವುದು ಉಗುರಿಗಿಂತ ಸ್ವಲ್ಪ ದೊಡ್ಡದಾದ ಒಂದು ಪ್ಲಾಸ್ಟಿಕ್ ತುಂಡು. ಅಂಗಡಿಯವನು ಅತಿ ದುಬಾರಿಯದನ್ನು ತೋರಿಸಿ "ಇದ ಹೈಸ್ಪೀಡ್ ರೀ, ಇದನ್ನ ಒಯ್ರಿ" ಅನ್ನುತ್ತಾನೆ. ಪಕ್ಕದ ಮೊಬೈಲ್ ಅಂಗಡಿಯವನು ಅದರ ಕಾಲು ಭಾಗದ ಬೆಲೆಗೆ ಅದರ ಎರಡರಷ್ಟು ಜಿಬಿ ಕೊಡುತ್ತೇನೆ ಅನ್ನುತ್ತಾನೆ. ಇಬ್ಬರ ಮಾತೂ ಕೇಳಬೇಡಿ ಎಂದು ಹೇಳುವುದು ಸುಲಭ. ಯಾಕೆ ಅಂತ ಹೇಳುವುದಕ್ಕೆ ಸ್ವಲ್ಪ ಲೆಕ್ಕ ಬೇಕು. ಆ ಲೆಕ್ಕ ನಮ್ಮ ಡಿಪ್ಲೊಮಾ ತರಗತಿಯಲ್ಲಿ ಇರಲಿಲ್ಲ. ಆಗ ನಮಗೆ ಕಲಿಸಿದ್ದು ಮಿನಿ ಡಿವಿ ಟೇಪ್ ಮೇಲೆ. 60 ನಿಮಿಷದ ಟೇಪ್ ಅಂದರೆ 60 ನಿಮಿಷ, ಅಲ್ಲಿಗೆ ಮುಗಿಯಿತು.

ಮೊದಲು ಬೈಟ್ ವಿಷಯ. ನಮಗೆ ಬೈಟ್ ಅಂದರೆ ಉಸ್ತುವಾರಿ ಸಚಿವರು ಕಾರು ಹತ್ತುವ ಮೊದಲು ಹೇಳುವ ನಾಲ್ಕು ಮಾತು. ಕಾರ್ಡಿನ ಬೈಟ್ ಬೇರೆ. ಕ್ಯಾಮೆರಾದ ಮೆನುವಿನಲ್ಲಿ 50, 100, 150 ಎಂದು ಬರುವ ಸಂಖ್ಯೆಗಳು ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬ ಲೆಕ್ಕ. ಕಾರ್ಡಿನ ಮೇಲೆ ಬರೆದಿರುವುದು ಸೆಕೆಂಡಿಗೆ ಇಷ್ಟು ಮೆಗಾಬೈಟ್. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ ಕ್ಯಾಮೆರಾದ ಸಂಖ್ಯೆಯನ್ನು 8ರಿಂದ ಭಾಗಿಸಬೇಕು. 100 ಮೆಗಾಬಿಟ್‌ನಲ್ಲಿ 4ಕೆ ಚಿತ್ರೀಕರಿಸಿದರೆ ಕಾರ್ಡ್ ಮೇಲೆ ಬರೆಯಬೇಕಾದದ್ದು ಸೆಕೆಂಡಿಗೆ 12.5 ಮೆಗಾಬೈಟ್ ಮಾತ್ರ. 50 ಮೆಗಾಬಿಟ್‌ನ ಎಚ್‌ಡಿಗೆ 6.25 ಸಾಕು. ಈ ಒಂದು ಭಾಗಾಕಾರ ಗೊತ್ತಿದ್ದರೆ ಅಂಗಡಿಯಲ್ಲಿ ಅರ್ಧ ಗೊಂದಲ ಹೋಗುತ್ತದೆ.

ಇನ್ನರ್ಧ ಗೊಂದಲಕ್ಕೆ ಕಾರಣ ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿರುವ 95, 170, 200 ಎಂಬ ಸಂಖ್ಯೆಗಳು. ಅವು ಸಾಮಾನ್ಯವಾಗಿ ಓದುವ ವೇಗ, ಅಂದರೆ ಕಾರ್ಡಿನಿಂದ ಕಂಪ್ಯೂಟರಿಗೆ ಫೈಲ್ ತೆಗೆಯುವಾಗ ಸಿಗಬಹುದಾದ ಗರಿಷ್ಠ ವೇಗ. ಅದೂ ಎಲ್ಲಾ ಅನುಕೂಲ ಕೂಡಿಬಂದಾಗ. ನಮಗೆ ಬೇಕಾದದ್ದು ಬರೆಯುವ ವೇಗ, ಅದರಲ್ಲೂ ಎಷ್ಟೇ ಹೊತ್ತಾದರೂ ಕೆಳಗಿಳಿಯದ ವೇಗ. ಹೊಲಕ್ಕೆ ನೀರು ಹಾಯಿಸಿದವರಿಗೆ ಇದು ಬೇಗ ತಿಳಿಯುತ್ತದೆ. ಮೋಟಾರು ಚಾಲೂ ಮಾಡಿದ ಕೂಡಲೇ ಪೈಪಿನ ಬಾಯಲ್ಲಿ ಬರುವ ರಭಸ ನೋಡಿ ಖುಷಿಪಟ್ಟರೆ ಆಗಲಿಲ್ಲ. ಎರಡು ತಾಸಿನ ಮೇಲೂ ಕೊನೆಯ ಸಾಲಿಗೆ ಎಷ್ಟು ನೀರು ಮುಟ್ಟುತ್ತದೆ ಅನ್ನುವುದೇ ಲೆಕ್ಕ. ಕಾರ್ಡ್ ಒಂದು ಕ್ಷಣ ನಿಧಾನವಾದರೆ ಕ್ಯಾಮೆರಾ ತನ್ನೊಳಗಿನ ಬಫರ್‌ನಲ್ಲಿ ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ. ಅದೂ ತುಂಬಿದರೆ ರೆಕಾರ್ಡಿಂಗ್ ನಿಂತುಬಿಡುತ್ತದೆ.

ಆ ಕನಿಷ್ಠ ವೇಗದ ಖಾತರಿಯನ್ನು ಹೇಳುವುದು ಕಾರ್ಡಿನ ಮೇಲಿರುವ ಸಣ್ಣ ಗುರುತುಗಳು. ವೃತ್ತದೊಳಗೆ 10 ಇದ್ದರೆ ಕನಿಷ್ಠ 10 ಮೆಗಾಬೈಟ್. ಯು ಅಕ್ಷರದೊಳಗೆ 1 ಇದ್ದರೆ ಅದೂ 10, 3 ಇದ್ದರೆ 30. 2016ರಲ್ಲಿ ವಿಡಿಯೊಗೆಂದೇ ಬಂದ ವಿ ಗುರುತು ಇನ್ನೂ ನೇರ: ವಿ30 ಅಂದರೆ 30, ವಿ60 ಅಂದರೆ 60, ವಿ90 ಅಂದರೆ 90. ಎ1, ಎ2 ಎಂಬ ಗುರುತುಗಳು ಫೋನಿನಲ್ಲಿ ಆ್ಯಪ್ ಓಡಿಸುವುದಕ್ಕೆ ಸಂಬಂಧಿಸಿದವು. ವಿಡಿಯೊ ಕ್ಯಾಮೆರಾಕ್ಕೆ ಅವುಗಳಿಂದ ಏನೂ ಆಗಬೇಕಾಗಿಲ್ಲ. ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಡಿ.

ಈಗ ಎರಡನ್ನೂ ಕೂಡಿಸಿ ನೋಡಿ. ಸೋನಿಯ ಪಿಎಕ್ಸ್‌ಡಬ್ಲ್ಯೂ ಝಡ್150 ಥರದ ಕ್ಯಾಮೆರಾ 4ಕೆಯಲ್ಲಿ 100 ಮೆಗಾಬಿಟ್‌ವರೆಗೆ ಬರೆಯುತ್ತದೆ. ಅಂದರೆ ಬೇಕಾದದ್ದು 12.5. 10ರ ಖಾತರಿ ಕಾರ್ಡ್ ಇಲ್ಲಿ ಸಾಲದು, ಯು3 ಅಥವಾ ವಿ30 ಬೇಕು. ವಿ30ರ ಖಾತರಿಯನ್ನು ಬಿಟ್‌ಗೆ ತಿರುಗಿಸಿದರೆ 240 ಆಗುತ್ತದೆ. ಜಿಲ್ಲಾ ಮಟ್ಟದಲ್ಲಿ ನಾವು ಮಾಡುವ ಯಾವ ಕೆಲಸಕ್ಕೂ ಇದು ಧಾರಾಳ. ವಿ60 ಬೇಕಾಗುವುದು ಪ್ಯಾನಾಸೋನಿಕ್ ಜಿಎಚ್5ರಲ್ಲಿ 400 ಮೆಗಾಬಿಟ್‌ನ ಆಲ್ ಇಂಟ್ರಾ ಇಟ್ಟಾಗ, ಯಾಕೆಂದರೆ ಅಲ್ಲಿ ಸೆಕೆಂಡಿಗೆ 50 ಮೆಗಾಬೈಟ್ ಹರಿಯುತ್ತದೆ. ಸೋನಿ ಎ7ಎಸ್ 3ರಲ್ಲಿ 600 ಮೆಗಾಬಿಟ್ ಇಟ್ಟರೆ 75 ಆಗುತ್ತದೆ, ಅದಕ್ಕೆ ವಿ90 ಬೇಕು. ಸಿನಿಮಾ, ಜಾಹೀರಾತು ಮಾಡುವವರಿಗೆ ಅದು ಸರಿ. ತಾಲ್ಲೂಕು ಪಂಚಾಯಿತಿ ಕೆಡಿಪಿ ಸಭೆಗೆ ವಿ90 ಹಾಕುವುದು ಎಮ್ಮೆ ಮೈ ತೊಳೆಯಲು ಪನ್ನೀರು ತಂದ ಹಾಗೆ.

ಇನ್ನೊಂದು ಗುರುತೂ ಇದೆ, ರೋಮನ್ ಅಂಕಿಯ ಒಂದು ಅಥವಾ ಎರಡು. ಅದು ಯುಎಚ್‌ಎಸ್ 1, ಯುಎಚ್‌ಎಸ್ 2. ಮೊದಲನೆಯದರ ಹಾದಿಯಲ್ಲಿ ಗರಿಷ್ಠ 104 ಮೆಗಾಬೈಟ್, ಎರಡನೆಯದರಲ್ಲಿ 312. ಎರಡನೆಯ ಬಗೆಯ ಕಾರ್ಡಿನ ಹಿಂಬದಿಯಲ್ಲಿ ಪಿನ್‌ಗಳ ಇನ್ನೊಂದು ಸಾಲು ಕಾಣುತ್ತದೆ. ಕ್ಯಾಮೆರಾದ ಸ್ಲಾಟ್‌ನಲ್ಲಿ ಆ ಪಿನ್‌ಗಳಿಗೆ ಜಾಗವಿಲ್ಲದಿದ್ದರೆ ದುಬಾರಿ ಕಾರ್ಡ್ ಕೂಡ ಒಂದನೆಯದರ ಹಾಗೇ ಕೆಲಸ ಮಾಡುತ್ತದೆ. ಕಂಪ್ಯೂಟರಿಗೆ ಇಳಿಸುವಾಗ ಎರಡನೆಯದು ಚುರುಕು, ನಿಜ. 64 ಜಿಬಿ ಕಾರ್ಡನ್ನು ಸೆಕೆಂಡಿಗೆ 90ರಂತೆ ಇಳಿಸಿದರೆ ಸುಮಾರು 12 ನಿಮಿಷ, 250ರಂತೆ ಇಳಿಸಿದರೆ 4 ನಿಮಿಷದ ಮೇಲೆ ಸ್ವಲ್ಪ. ಆದರೆ ನಮ್ಮ ಹೊತ್ತು ಹೋಗುವುದು ಅಲ್ಲಲ್ಲ. 100 ಮೆಗಾಬಿಟ್‌ನಲ್ಲಿ ತೆಗೆದ 2 ನಿಮಿಷದ ಕ್ಲಿಪ್ 1.5 ಜಿಬಿ ಆಗುತ್ತದೆ. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ಫೋನ್ ಹಾಟ್‌ಸ್ಪಾಟ್‌ನಲ್ಲಿ ಸೆಕೆಂಡಿಗೆ 8 ಮೆಗಾಬಿಟ್ ಸಿಕ್ಕರೂ ಅದು ಹೋಗಲು 25 ನಿಮಿಷ ಬೇಕು. ಕೊನೆಗೆ ಎಲ್ಲರೂ ಕುಗ್ಗಿಸಿಯೇ ಕಳಿಸುತ್ತೇವೆ. ಕಾರ್ಡಿನಲ್ಲಿ ಉಳಿಸಿದ 8 ನಿಮಿಷಕ್ಕೆ ಸಾವಿರಾರು ರೂಪಾಯಿ ಕೊಡುವ ಮೊದಲು ಇದನ್ನು ಯೋಚಿಸಬೇಕು.

ಹಾಗಾದರೆ ಉಳಿದ ದುಡ್ಡಿನಲ್ಲಿ ಏನು ಮಾಡುವುದು? ನನ್ನ ಉತ್ತರ: ಇನ್ನಷ್ಟು ಕಾರ್ಡ್ ಕೊಳ್ಳುವುದು. ಒಂದು ವಿ90 ಬೆಲೆಗೆ ಅಷ್ಟೇ ಜಿಬಿಯ ಒಳ್ಳೆಯ ವಿ30 ಕಾರ್ಡ್ ನಾಲ್ಕಾದರೂ ಬರುತ್ತವೆ. ಈ ಮಾತಿನ ಹಿಂದೆ ಬರೀ ಉಳಿತಾಯವಿಲ್ಲ.

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದ್ದು ನಿಮಗೆ ನೆನಪಿರಬಹುದು. ಘಟಪ್ರಭಾ ದಡದ ಒಂದು ಊರಿನಲ್ಲಿ ನೀರು ಇಳಿದ ಮರುದಿನ ನಾನು ಓಣಿ ಓಣಿ ತಿರುಗಿ ಚಿತ್ರೀಕರಿಸಿದ್ದೆ. ಡೆಸ್ಕಿಗೆ ಬೇಕಾದದ್ದು ಒಂದೂವರೆ ನಿಮಿಷ, ನನ್ನ ಹತ್ತಿರ ಇದ್ದದ್ದು ಒಂದು ಗಂಟೆ ಹತ್ತು ನಿಮಿಷ. ಅದರಲ್ಲಿ ಒಂದು ಮೇಲ್ಮುದ್ದೆ ಮನೆ ಇತ್ತು. ಹಿಂದಿನ ಗೋಡೆ ಪೂರ್ತಿ ಕುಸಿದಿತ್ತು, ಮಣ್ಣಿನ ಛಾವಣಿ ಒಂದು ಕಡೆ ಜೋತಾಡುತ್ತಿತ್ತು. ಮನೆಯ ಹಿರಿಯಾಕೆ ಜೋಳದ ಚೀಲ ಮೊಳಕೆ ಒಡೆದದ್ದನ್ನು ತೋರಿಸುತ್ತಾ ನಿಂತಿದ್ದರು. ಟಿವಿಯಲ್ಲಿ ಆ ಮನೆ ಬಂದದ್ದು ನಾಲ್ಕು ಸೆಕೆಂಡು.

ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು. ಹಾನಿಯ ಪ್ರಮಾಣ ನೋಡಿ ಎ, ಬಿ, ಸಿ ಎಂದು ಮನೆಗಳನ್ನು ವಿಂಗಡಿಸಿದರು. ಕೆಲವು ತಿಂಗಳ ನಂತರ ಆ ತಾಯಿ ಮಗನನ್ನು ಕರೆದುಕೊಂಡು ನನ್ನನ್ನು ಹುಡುಕಿಕೊಂಡು ಬಂದರು. ಅವರ ಮನೆ ಸಿ ಪಟ್ಟಿಯಲ್ಲಿತ್ತು. ಸಮೀಕ್ಷೆಯವರು ಬರುವ ಹೊತ್ತಿಗೆ ಮಕ್ಕಳು ಮಳೆ ತಡೆಯಲೆಂದು ತಗಡು ಬಡಿದು, ಗೋಡೆಯ ಕಲ್ಲು ಎತ್ತಿಟ್ಟು, ಹೇಗೋ ನಿಲ್ಲಿಸಿದ್ದರು. ನೋಡಿದವರಿಗೆ ಮನೆ ನಿಂತಿದೆ ಅನ್ನಿಸಿತ್ತು.

"ತಮ್ಮಾ, ನೀ ಅವತ್ತ ನಮ್ಮ ಮನಿ ಹಿಡ್ಕೊಂಡ್ ಹೋಗಿದ್ದೆಲ್ಲಾ, ಅದು ಐತೇನು?" ಅಂದರು.

ಇತ್ತು. ನೆರೆಯ ಆ ಎರಡು ವಾರದ ಕಾರ್ಡ್‌ಗಳನ್ನು ನಾನು ಫಾರ್ಮ್ಯಾಟ್ ಮಾಡಿರಲಿಲ್ಲ. ಬೇರೆ ಕಾರ್ಡ್‌ಗಳು ಇದ್ದವು, ಅಳಿಸುವ ಅವಸರ ಇರಲಿಲ್ಲ, ಅಷ್ಟೇ ಕಾರಣ. ಕ್ಲಿಪ್‌ನ ಮಾಹಿತಿಯಲ್ಲಿ ದಿನಾಂಕ, ಸಮಯ ಎರಡೂ ಸರಿಯಾಗಿದ್ದವು. ಮಗ ಅದನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಅರ್ಜಿಯ ಜೊತೆ ಕೊಟ್ಟ. ಎರಡನೆಯ ಬಾರಿ ಸಮೀಕ್ಷೆಗೆ ಬಂದರು, ಮನೆ ಬಿ ಪಟ್ಟಿಗೆ ಹೋಯಿತು. ಎ ಆಗಬೇಕಿತ್ತು ಎಂದು ಆ ತಾಯಿ ಈಗಲೂ ಹೇಳುತ್ತಾರೆ. ಆ ದೃಶ್ಯ ನೋಡಿದವನಾಗಿ ನನಗೂ ಹಾಗೇ ಅನ್ನಿಸುತ್ತದೆ.

ಒಂದೇ ದುಬಾರಿ ಕಾರ್ಡ್ ಇಟ್ಟುಕೊಂಡವರು ಸಂಜೆ ಸುದ್ದಿ ಕಳಿಸಿ, ರಾತ್ರಿ ಅಳಿಸಿ, ಬೆಳಿಗ್ಗೆ ಅದನ್ನೇ ಮತ್ತೆ ಹಾಕಬೇಕಾಗುತ್ತದೆ. ಯಾವುದು ಉಳಿಯಬೇಕು ಎಂದು ಯೋಚಿಸುವ ಸಾವಕಾಶವೇ ಅವರಿಗಿರುವುದಿಲ್ಲ. ಒಂದೂವರೆ ನಿಮಿಷದ ಆಚೆ ಉಳಿದದ್ದು ನಮ್ಮ ಜಿಲ್ಲೆಯ ಜನರ ಮಾತು. ಅದನ್ನು ಡೆಸ್ಕ್ ಕೇಳುವುದಿಲ್ಲ, ಬೇರೆ ಯಾರ ಹತ್ತಿರವೂ ಅದು ಇರುವುದಿಲ್ಲ.

ಕಡಿಮೆ ಬೆಲೆ ಅಂದಾಗ ನಕಲಿ ಕಾರ್ಡಿನ ಮಾತೂ ಬರಬೇಕು. ಪಕ್ಕದ ತಾಲ್ಲೂಕಿನ ಗೆಳೆಯನೊಬ್ಬ, ನಮ್ಮ ಹಾಗೆಯೇ ಸುದ್ದಿಯ ಜೊತೆ ಮದುವೆ ಆರ್ಡರ್ ಮಾಡುವವನು, ಒಂದು ಅಗ್ಗದ 128 ಜಿಬಿ ಕಾರ್ಡ್ ತಂದ. ಕ್ಯಾಮೆರಾ 128 ಎಂದೇ ತೋರಿಸಿತು. ಅಕ್ಕಿಕಾಳಿನ ತನಕ ಫೈಲ್ ಇತ್ತು, ಮುಂದಿನವೆಲ್ಲ ಹೆಸರಿಗೆ ಮಾತ್ರ ಇದ್ದವು, ತೆರೆಯಲಿಲ್ಲ. ಒಳಗಿನ ನಿಜವಾದ ಜಾಗ ಕೆಲವೇ ಜಿಬಿ ಇದ್ದು, ಕಂಟ್ರೋಲರ್ ಚಿಪ್‌ಗೆ ಸುಳ್ಳು ಅಳತೆ ತುಂಬಿಸಿದ ಮಾಲು ಅದು. ಹೆಣ್ಣಿನ ಕಡೆಯವರ ಮುಂದೆ ಅವನು ನಿಂತ ಸ್ಥಿತಿ ಯಾರಿಗೂ ಬೇಡ. ಇದಕ್ಕೆ ಉಪಾಯವಿದೆ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಎಂಬ ಉಚಿತ ಸಾಫ್ಟ್‌ವೇರ್‌ಗಳಿವೆ. ಅವು ಕಾರ್ಡನ್ನು ತುದಿಯವರೆಗೆ ತುಂಬಿಸಿ, ಮತ್ತೆ ಓದಿ, ಬರೆದದ್ದೆಲ್ಲ ಇದೆಯೇ ಎಂದು ತಾಳೆ ನೋಡುತ್ತವೆ. ಬರೆಯುವ ಸರಾಸರಿ ವೇಗವನ್ನೂ ತೋರಿಸುತ್ತವೆ. ಹೊಸ ಕಾರ್ಡ್ ತಂದ ರಾತ್ರಿ ಇದನ್ನು ಓಡಲು ಬಿಟ್ಟು ಮಲಗಿ. ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ, ತಪ್ಪಿದರೆ ಮರಳಿಸಲು ಬರುತ್ತದೆ.

ನಾನು ಪಾಲಿಸುವ ಕೆಲವು ಕ್ರಮಗಳನ್ನೂ ಹೇಳಿಬಿಡುತ್ತೇನೆ. 256 ಜಿಬಿಯ ಒಂದರ ಬದಲು 64 ಜಿಬಿಯ ನಾಲ್ಕು. 64 ಜಿಬಿಯಲ್ಲಿ 50 ಮೆಗಾಬಿಟ್ ಎಚ್‌ಡಿ ಸುಮಾರು 2 ಗಂಟೆ 50 ನಿಮಿಷ ಹಿಡಿಯುತ್ತದೆ, 100 ಮೆಗಾಬಿಟ್ 4ಕೆ ಸುಮಾರು 85 ನಿಮಿಷ. ಒಂದು ಕೆಟ್ಟರೂ ಉಳಿದ ಮೂರು ಇರುತ್ತವೆ. ಎರಡು ಸ್ಲಾಟ್ ಇದ್ದರೆ ಮುಖ್ಯ ಕೆಲಸಕ್ಕೆ ಎರಡರಲ್ಲೂ ಒಟ್ಟಿಗೆ ರೆಕಾರ್ಡ್ ಆಗುವಂತೆ ಇಡುತ್ತೇನೆ. ಮೈಕ್ರೊ ಎಸ್‌ಡಿಯನ್ನು ಅಡಾಪ್ಟರ್‌ನಲ್ಲಿ ಹಾಕಿ ಬಳಸುವುದಿಲ್ಲ, ಬೈಕ್ ಮೇಲೆ ಕುಲುಕಾಡುವ ನಮಗೆ ಇನ್ನೊಂದು ಜೋಡಣೆ ಅಂದರೆ ಸಡಿಲಾಗುವ ಇನ್ನೊಂದು ಜಾಗ. ಫಾರ್ಮ್ಯಾಟ್ ಮಾಡುವುದು ಕ್ಯಾಮೆರಾದಲ್ಲೇ. ಕಾಪಿ ಮಾಡುವಾಗ ಕ್ಲಿಪ್ ಒಂದನ್ನೇ ಎಳೆಯದೆ ಇಡೀ ಫೋಲ್ಡರ್ ತೆಗೆಯುತ್ತೇನೆ. ಕ್ಯಾಮೆರಾದ ಗಡಿಯಾರವನ್ನು ತಿಂಗಳಿಗೊಮ್ಮೆ ಫೋನಿನ ಜೊತೆ ಹೊಂದಿಸುತ್ತೇನೆ.

ಕೊನೆಯದಕ್ಕೆ ಕಾರಣವಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ, ವಿಡಿಯೊ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರ ಬೇಕು. ಫೈಲಿನ ಬೆರಳಚ್ಚು ಅನ್ನಬಹುದಾದ ಹ್ಯಾಶ್ ಮೌಲ್ಯವನ್ನೂ ಅದರಲ್ಲಿ ಬರೆಯಬೇಕು. ಫೈಲಿನಲ್ಲಿ ಸ್ವಲ್ಪ ಬದಲಾದರೂ ಆ ಮೌಲ್ಯ ಬದಲಾಗುತ್ತದೆ. ಹಾಗಾಗಿ ಮಣ್ಣು ಗಣಿಗಾರಿಕೆಯೋ, ಲಾಠಿ ಏಟೋ, ಬಿದ್ದ ಶಾಲೆಯೋ, ಮುಂದೆ ಯಾರಾದರೂ ಕೇಳಬಹುದು ಅನ್ನಿಸಿದ್ದನ್ನು ತೆಗೆದ ಕಾರ್ಡನ್ನು ಲಾಕ್ ಮಾಡಿ, ದಿನಾಂಕ, ಊರು ಬರೆದ ಚೀಟಿ ಹಚ್ಚಿ ಪಕ್ಕಕ್ಕಿಡುತ್ತೇನೆ. ಪ್ರತಿಯೊಂದನ್ನು ಹಾರ್ಡ್‌ಡಿಸ್ಕ್‌ಗೂ ಹಾಕುತ್ತೇನೆ.

ಕಾರ್ಡ್ ಪಕ್ಕಕ್ಕಿಟ್ಟರೆ ಹೊಸದು ಕೊಳ್ಳಬೇಕು. ಸ್ಟೋರಿಗಿಷ್ಟು ಎಂದು ದುಡ್ಡು ಎಣಿಸುವ ನಮಗೆ ಅದು ಸಣ್ಣ ಖರ್ಚಲ್ಲ. ಇತ್ತೀಚೆಗೆ ಡೆಸ್ಕಿನಿಂದ "ಇನ್ಮೇಲೆ 4ಕೆಯಲ್ಲೇ ಕಳಿಸಿ" ಎಂಬ ಮೆಸೇಜ್ ನಮ್ಮ ಜಿಲ್ಲೆಯ ಹಲವರಿಗೆ ಬಂದಿದೆ. ಎಚ್‌ಡಿಯಿಂದ 4ಕೆಗೆ ಹೋದರೆ ಒಂದೇ ಕಾರ್ಡಿನಲ್ಲಿ ಹಿಡಿಯುವುದು ಅರ್ಧಕ್ಕಿಳಿಯುತ್ತದೆ, ಅಂದರೆ ಕಾರ್ಡಿನ ಖರ್ಚು ದುಪ್ಪಟ್ಟು. ಕಳೆದ ತಿಂಗಳು ಮೇಲಿನ ಲೆಕ್ಕವನ್ನೇ ಒಂದು ಹಾಳೆಯಲ್ಲಿ ಬರೆದು, ತಿಂಗಳಿಗೆ ಎರಡು ವಿ30 ಕಾರ್ಡಿನ ಹಣ ಕೊಡಿ ಎಂದು ನಾವು ಆರು ಜನ ಸಹಿ ಮಾಡಿ ಕಳಿಸಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ನಿಮ್ಮ ಜಿಲ್ಲೆಯಲ್ಲೂ ಇದೇ ಮೆಸೇಜ್ ಬಂದಿದ್ದರೆ ಆ ಹಾಳೆಯ ಪ್ರತಿ ಕಳಿಸುತ್ತೇನೆ, ನೀವೂ ಸಹಿ ಹಾಕಿ ಕಳಿಸಿ.