ಮಿನಿಟಿಗೆ ಮೂವತ್ತು ಎಂ.ಎಲ್.

ತೆಲಸಂಗ
ಮಾರ್ಚ್ 11, ಬುಧವಾರ

ನೀರಿಗೆ ಕ್ಲೋರಿನ್ ಹನಿಸುವ ಡೋಸಿಂಗ್ ಪಂಪು ಬಂತು. ಹಾಲಿನ ಕ್ಯಾನಿಗಿಂತ ಚಿಕ್ಕದು. ಮೈಮೇಲೆ ತಾಸಿಗೆ 6 ಲೀಟರ್ ಎಂದು ಬರೆದಿದೆ.

ಇಷ್ಟು ವರ್ಷ ಬ್ಲೀಚಿಂಗ್ ಪೌಡರನ್ನು ಬಕೀಟಿನಲ್ಲಿ ಕಲಸಿ, ತಿಳಿ ಬಸಿದು, ಏಣಿ ಹತ್ತಿ ಊರಿನ ನೀರಿನ ಟ್ಯಾಂಕಿಗೆ ಸುರಿದೆ. ಅಳತೆ ಅಂದರೆ ನನ್ನ ಕೈ. ಹೋದ ಮಳೆಗಾಲದಲ್ಲಿ ತಂಗಿಯ ಮಗನಿಗೆ ವಾಂತಿ-ಭೇದಿ ಆದಾಗ ಆ ಕೈಯನ್ನೇ ನೋಡುತ್ತ ಕೂತಿದ್ದೆ. ನೀರಿನಿಂದಲೇ ಎಂದು ಯಾರೂ ಅನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ.

12, ಗುರುವಾರ, ರಾತ್ರಿ

ಲೆಕ್ಕ. ಟ್ಯಾಂಕಿಗೆ ತಾಸಿಗೆ 12,000 ಲೀಟರ್ ಏರುತ್ತದೆ, ಕಡ್ಡಿ ಇಳಿಸಿ ಅಳೆದಿದ್ದೇನೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ಕ್ಲೋರಿನ್ ಹಿಡಿದರೆ ತಾಸಿಗೆ 18 ಗ್ರಾಂ. ಹೈಪೋ, ಅಂದರೆ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ, ಶೇ. 10ರದು. ಹತ್ತು ಲೀಟರಿಗೆ ತೊಂಬತ್ತು ಲೀಟರ್ ನೀರು ಬೆರೆಸಿದರೆ ಶೇ. 1. ಆಗ ತಾಸಿಗೆ 1.8 ಲೀಟರ್, ಮಿನಿಟಿಗೆ 30 ಎಂ.ಎಲ್. ಮೂರು ಸಲ ಮಾಡಿದೆ. ಮೂರೂ ಸಲ ಅದೇ ಬಂತು.

14, ಶನಿವಾರ

ತಿರುಗುಣಿ 30ಕ್ಕೆ ಇಟ್ಟೆ. ಹೀರುವ ನಳಿಗೆಯನ್ನು ಅಳತೆ ಜಾಡಿಗೆ ಬಿಟ್ಟು, ಮೊಬೈಲಿನಲ್ಲಿ ಒಂದು ಮಿನಿಟು. ಟಕ್, ಟಕ್, ಟಕ್. ಪ್ರತಿ ಟಕ್ಕಿಗೂ ನೀರಿನ ಗೆರೆ ನಡುಗಿ ಒಂದು ಕೂದಲೆಳೆ ಇಳಿಯುತ್ತದೆ. ಉಸಿರು ಬಿಗಿಹಿಡಿದು ನೋಡಿದೆ. 29. ಖುಷಿಯಾಯಿತು.

ಸಂಜೆ ಪೈಪಿಗೆ ಜೋಡಿಸಿ, ಬೋರಿನ ಮೋಟಾರು ಹಚ್ಚಿ ಮತ್ತೆ ಅಳೆದೆ. 22. ಎದುರಿನ ಒತ್ತಡಕ್ಕೆ ಪಂಪು ಕಡಿಮೆ ಕೊಡುತ್ತದೆ. ಬಯಲಿನಲ್ಲಿ ಅಳೆದದ್ದು ದಂಡವಾಯಿತು. 40ಕ್ಕೆ ಏರಿಸಿದೆ. 30, 30, 31. ತಿರುಗುಣಿಯ ಪಕ್ಕ ಮಾರ್ಕರಿನಿಂದ ಗೆರೆ ಎಳೆದೆ.

15, ಭಾನುವಾರ

ಪೈಪಿನ ಕೊನೆಯ ಮನೆ ಒಬ್ಬ ಆಯಿಯದು. ಅವರ ನಳದ ನೀರು ಹಿಡಿದು ಕ್ಲೋರೋಸ್ಕೋಪಿನಲ್ಲಿ ಹನಿ ಹಾಕಿದೆ. ಹಳದಿ ಬರಲೇ ಇಲ್ಲ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು.

ಎಲ್ಲಿ ತಪ್ಪಿತು? ನಿದ್ದೆ ಬರಲಿಲ್ಲ.

16, ಸೋಮವಾರ

ಹೈಪೋ ಕ್ಯಾನಿನ ಮೇಲೇ ಸಂಶಯ. ಆರ್‌ಓ ಘಟಕದಿಂದ ನೂರು ಲೀಟರ್ ನೀರು ತಂದು ಒಂದು ಎಂ.ಎಲ್. ಹೈಪೋ ಬೆರೆಸಿದೆ. ಶೇ. 10 ಇದ್ದರೆ 1 ತೋರಿಸಬೇಕು. ತೋರಿಸಿದ್ದು 0.5. ತಗಡಿನ ಶೆಡ್ಡಿನಲ್ಲಿ ಇಟ್ಟವನು ನಾನೇ. ಬಿಸಿಲಿಗೆ ಹೈಪೋ ಸತ್ವ ಕಳೆದುಕೊಳ್ಳುತ್ತದೆಂದು ಗೊತ್ತಿದ್ದೂ ಇಟ್ಟೆ.

19, ಗುರುವಾರ. ಯುಗಾದಿ

ಹೊಸ ಹೈಪೋ. ಗೋಡೆಯ ನೆರಳಿನಲ್ಲಿ, ಹಸಿ ಗೋಣಿಚೀಲ ಹೊದಿಸಿ ಇಟ್ಟಿದ್ದೇನೆ. ಆಯಿಯ ನಳದಲ್ಲಿ 0.3!

ಆಯಿ ಹೋಳಿಗೆ ಕೊಟ್ಟರು, ಜೊತೆಗೆ ಬೈಗಳೂ. “ತಮ್ಮಾ, ನೀರು ದವಾಖಾನಿ ವಾಸನಿ ಹೊಡಿತೈತಿ. ಚಾಕ್ಕ ರುಚಿನ ಇಲ್ಲ.”

“ಕೊಡ ತುಂಬಿ ಒಂದೆರಡು ತಾಸು ಇಡ್ರಿ ಆಯಿ, ವಾಸನಿ ಕಡಿಮಿ ಆಗ್ತೈತಿ,” ಅಂದೆ. ಅವರು ಒಪ್ಪಲಿಲ್ಲ. ಹೋಳಿಗೆ ಮಾತ್ರ ಎರಡು ಕಟ್ಟಿಕೊಟ್ಟರು.

21, ಶನಿವಾರ, ಮಧ್ಯಾಹ್ನ 3

ಪಂಪು ಬಡಿಯುತ್ತಿದೆ, ಹೈಪೋ ಇಳಿಯುತ್ತಿಲ್ಲ. ಕಾದ ಹೈಪೋದಲ್ಲಿ ಗುಳ್ಳೆ ಎದ್ದು ಪಂಪಿನ ತಲೆಯಲ್ಲಿ ಗಾಳಿ ಕಟ್ಟಿದೆ. ಸದ್ದು ಕೇಳಿ ನಂಬಿ ಕೂತಿದ್ದರೆ ರಾತ್ರಿಯವರೆಗೂ ಬರೀ ನೀರು ಹೋಗುತ್ತಿತ್ತು. ಗಾಳಿ ಬಿಟ್ಟು, ಡ್ರಮ್ಮನ್ನು ಕಲ್ಲಿನ ಕಟ್ಟೆಯ ಮೇಲೇರಿಸಿ, ಪಂಪನ್ನು ಕೆಳಗೆ ಕೂಡಿಸಿದೆ. ಈಗ ಹೈಪೋ ತಾನಾಗಿ ಇಳಿದು ಬರುತ್ತದೆ. ಕಣ್ಣು ಉರಿಯುತ್ತಿದೆ. ಕನ್ನಡಕ ಹಾಕಿಕೊಂಡಿರಲಿಲ್ಲ.

25, ಬುಧವಾರ

ಅಳತೆ ಮತ್ತೆ ಇಳಿದು 24. ಪೈಪಿನೊಳಗೆ ಹೈಪೋ ಬೀಳುವ ತೂತಿನ ಬಾಯಿಗೆ ಬಿಳಿ ಹಕ್ಕಳೆ, ಉಗುರಿನಿಂದ ಕೆರೆದರೆ ಸುಣ್ಣ. ಬೋರಿನ ಗಡಸು ನೀರಿಗೆ ಹೈಪೋ ಸೇರುವಲ್ಲೇ ಕಟ್ಟುತ್ತದೆ. ಆ ತುಂಡನ್ನು ಕಳಚಿ, ಹೈಪೋ ಪೂರಾ ಹೋಗುವತನಕ ನೀರಿನಲ್ಲಿ ತೊಳೆದು, ಆಮೇಲೆ ನಿಂಬೆರಸದಲ್ಲಿ ನೆನೆಯಿಟ್ಟೆ. ಹುಳಿ ಹೈಪೋಕ್ಕೆ ತಾಕಿದರೆ ವಿಷದ ಗಾಳಿ. ಸಹಾಯಕ್ಕೆ ಬರುವ ಹುಡುಗನಿಗೆ ಎರಡು ಸಲ ಹೇಳಿದೆ. ಮೂರನೆಯ ಸಲ ಅವನಿಂದಲೇ ಹೇಳಿಸಿದೆ.

ಇನ್ನು ಮೇಲೆ ಹೈಪೋಕ್ಕೆ ಬೆರೆಸುವುದೂ ಆರ್‌ಓ ನೀರೇ.

27, ಶುಕ್ರವಾರ

ಬೆಳಿಗ್ಗೆ ಮಿನಿಟಿಗೆ 30. ಟ್ಯಾಂಕಿನ ಬುಡದ ನಳದಲ್ಲಿ 0.5. ಆಯಿಯ ಮನೆಯಲ್ಲಿ 0.2, ಇಲ್ಲವೇ 0.1. ಬಣ್ಣ ಎರಡರ ನಡುವೆ ಇತ್ತು. ಬಾಗಿಲಿಗೆ ಹಿಡಿದು ನೋಡಿದೆ, ಬಿಸಿಲಿಗೆ ಹಿಡಿದು ನೋಡಿದೆ. ಆ ಓಣಿಯ ಹಳೇ ಪೈಪು ಕ್ಲೋರಿನ್ ತಿನ್ನುತ್ತಿದೆಯೋ, ನನ್ನ ಕಣ್ಣೋ. ಡೋಸ್ ಏರಿಸಿದರೆ ಟ್ಯಾಂಕಿನ ಹತ್ತಿರದವರು ಬಾಯಿಗಿಡುವುದಿಲ್ಲ.

ವಹಿಯಲ್ಲಿ 0.1 ಎಂದು ಬರೆದೆ. ನಾಳೆ ನಸುಕಿನಲ್ಲಿ, ನೀರು ಬಿಟ್ಟ ಕೂಡಲೇ, ಮತ್ತೆ ಹೋಗಬೇಕು.