ನೋಡಾಕ, ಬಘಾಯ್ಲಾ, ಟು ಸೀ

ಚಿಂಚಲಿಯಲ್ಲಿ ಗಾಡಿ ನಿಂತದ್ದೇ ತಡ, ಡಬ್ಬಿಯೆಲ್ಲ ಹಳದಿಯಾಯಿತು. ಮಾಯಕ್ಕನ ಭಂಡಾರ ಹಣೆ, ಪಟಕಾ, ಸೆರಗು, ಕೈಚೀಲ ಒಂದನ್ನೂ ಬಿಟ್ಟಿರಲಿಲ್ಲ. ಭರತ ಹುಣ್ಣಿಮೆಯ ಜಾತ್ರೆ ಎಂದೋ ಮುಗಿದಿತ್ತು, ಆದರೆ ಈ ತಾಯಿಯ ಭಕ್ತರಿಗೆ ಜಾತ್ರೆಯ ನೆಪವೇನೂ ಬೇಕಿಲ್ಲ. ಸಾಂಗ್ಲಿ, ಕೊಲ್ಲಾಪುರದ ಕಡೆಯವರೂ ಅಥಣಿ, ಕಾಗವಾಡದವರೂ ಮೈಗೆ ಮೈ ತಾಗಿಸಿ ಕೂತರು. ನನ್ನ ಪಕ್ಕಕ್ಕೆ ಬಂದ ಅಜ್ಜಿ "ತಾಯೀನ ನೋಡಾಕ ಬಂದಿದ್ವಿ" ಎಂದು ನನಗೆ ಹೇಳಿ, ಹಿಂದೆಯೇ ಎದುರಿನವರಿಗೆ "ದೇವೀಲಾ ಬಘಾಯ್ಲಾ ಆಲೋ ಹೋತೋ" ಎಂದರು. ಭಾಷೆ ಬದಲಾಯಿತು, ಮಾತಿನ ಹಂದರ ಕದಲಲಿಲ್ಲ.

ರಾಯಬಾಗದಿಂದಲೂ ನನ್ನ ಎದುರು ಕೂತಿದ್ದ ಹುಡುಗಿಗೆ ಇದರ ಗೊಡವೆ ಇರಲಿಲ್ಲ. ತೊಡೆಯ ಮೇಲೆ ಇಂಗ್ಲಿಷ್ ವ್ಯಾಕರಣದ ಗೈಡು, ತುಟಿಯಲ್ಲಿ ಜಪ: "ವಾಂಟ್, ಹೋಪ್, ಡಿಸೈಡ್... ಟು. ಎಂಜಾಯ್, ಅವಾಯ್ಡ್, ಫಿನಿಶ್... ಇಂಗ್." ಇನ್‌ಫಿನಿಟಿವ್‌ಗೆ ಒಂದು ಪಟ್ಟಿ, ಜೆರಂಡಿಗೆ ಒಂದು ಪಟ್ಟಿ, ಯಾಕೆ ಹಾಗೆ ಎಂಬುದಕ್ಕೆ ಒಂದು ಸಾಲೂ ಇಲ್ಲ. ಮಗ್ಗಿಯಂತೆ ಒಪ್ಪಿಸುವುದೇ ನಮ್ಮಲ್ಲಿ ರೂಢಿ.

"ಸ್ಟಾಪ್ ಆದಮ್ಯಾಲ ಎರಡೂ ನಡೀತಾವಂತ ಬರದಾರ, ಮಾಮಾ. ಎರಡೂ ನಡದ್ರ ನಾ ಯಾವುದು ಬರೀಲಿ?"

"ಬಾಯಿಪಾಠ ಮಾಡಿಬಿಡವಾ," ಎಂದರು ಮಾಮಾ, ಕಿಟಕಿಯಾಚೆ ಚಹಾದವನನ್ನು ಹುಡುಕುತ್ತ.

ನನಗೆ ತಡೆಯಲಾಗಲಿಲ್ಲ. "ತಂಗಿ, ಮಾಮಾ ಚಾ ಕುಡ್ಯಾಕ ನಿಂತ್ರು ಅನ್ನೂದು, ಮಾಮಾ ಚಾ ಕುಡಿಯೂದು ನಿಲ್ಲಿಸಿದ್ರು ಅನ್ನೂದು, ಎರಡೂ ಒಂದ ಏನು?"

"ಅದ್ಹೆಂಗ್ರಿ! ಮಾಮಾ ಚಾ ಬಿಡೂದು ಈ ಜನ್ಮದಾಗ ಆಗೂದಲ್ಲ."

ಸ್ಟಾಪ್ ಟು ಡ್ರಿಂಕ್, ಸ್ಟಾಪ್ ಡ್ರಿಂಕಿಂಗ್ ಎರಡರ ಅಂತರ ಅವಳಿಗೆ ಹುಟ್ಟಿದಾಗಿನಿಂದ ಗೊತ್ತಿತ್ತು. ಗೊತ್ತಿದೆ ಎಂಬುದಷ್ಟೇ ಗೊತ್ತಿರಲಿಲ್ಲ. ಅಜ್ಜಿಯೂ ಸುಮ್ಮನಿರಲಿಲ್ಲ. "ಪ್ಯಾಯ್ಲಾ ಥಾಂಬ್ಲಾ, ಪಿಣಂ ಸೋಡ್ಲಂ," ಎಂದು ಅದೇ ಭೇದವನ್ನು ಮರಾಠಿಯಲ್ಲಿ ಇಟ್ಟುಬಿಟ್ಟರು.

ಕುಡಚಿ ದಾಟಿ ಗಾಡಿ ಕೃಷ್ಣೆಯ ಸೇತುವೆ ಏರಿತು. ಮಂದಿ ಹೊಳೆಗೆ ಕೈಮುಗಿದರು. ನನ್ನ ತಲೆ ಮಾತ್ರ ಕುಡ್ಯಾಕದ ಆ ‘ಕ’ದಲ್ಲೇ ಸಿಕ್ಕಿಕೊಂಡಿತ್ತು. ಮಿರಜಕ ಹೋಗುತ್ತೇವೆ, ಓದಾಕ ಹೋಗುತ್ತೇವೆ. ಊರಿಗೆ ಹತ್ತುವ ಚತುರ್ಥಿಯೇ ಕೆಲಸಕ್ಕೂ ಹತ್ತುತ್ತದೆ. ‘ಓದಲಿಕ್ಕೆ’ ಎಂದು ಬರೆದರೆ ಆ ‘ಕ್ಕೆ’ ಕಣ್ಣಿಗೇ ಕಾಣುತ್ತದೆ. ಅಜ್ಜಿಯ ಬಘಾಯ್ಲಾದಲ್ಲಿ ಇರುವುದೂ ದೇವೀಲಾದ ಲಾ. ಇನ್ನು ಇಂಗ್ಲಿಷಿನ ಟು? ಟು ಮಿರಜ್ ಎನ್ನುವಾಗಿನದೇ! ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಟು ಹತ್ತಿದ ಕ್ರಿಯಾರೂಪದ ಬಾಲಕ್ಕೂ ಚತುರ್ಥಿಯ ಗುರುತು ಇರುತ್ತಿತ್ತು. ಕುಡಿಯಲಿಕ್ಕೆ ಎಂಬುದಕ್ಕೆ ಅವರು ‘ಟೋ ಡ್ರಿಂಕನ್ನೆ’ ಎನ್ನುತ್ತಿದ್ದರು. ದ್ರಾವಿಡದ್ದೊಂದು, ಇಂಡೋ-ಆರ್ಯನ್ನಿನದೊಂದು, ಜರ್ಮಾನಿಕ್ ಮನೆತನದ್ದೊಂದು. ಮೂರೂ ಸೇರಿ ಮಾಡಬೇಕಾದ ಕೆಲಸವನ್ನು ಮುಟ್ಟಬೇಕಾದ ಊರೆಂದೇ ಬಗೆದಿವೆ!

ಹಾಗೆ ನೋಡಿದರೆ ಗೈಡಿನ ಪಟ್ಟಿಗೂ ಅರ್ಥ ಬರುತ್ತದೆ. ವಾಂಟ್, ಹೋಪ್, ಡಿಸೈಡ್ ಇವೆಲ್ಲ ಇನ್ನೂ ಮುಟ್ಟದ ಊರಿನತ್ತ ಮುಖ ಮಾಡಿದವು. ಎಂಜಾಯ್, ಫಿನಿಶ್ ಆಗಲೇ ಊರೊಳಗಿವೆ. ರಿಮೆಂಬರ್ ಟು ಲಾಕ್ ಎಂದರೆ ಕೀಲಿ ಹಾಕುವುದು ಬಾಕಿ ಇದೆ. ರಿಮೆಂಬರ್ ಲಾಕಿಂಗ್ ಎಂದರೆ ಹಾಕಿದ್ದು ನೆನಪಿದೆ.

ಉಗಾರದಲ್ಲಿ ಸಕ್ಕರೆ ಕಾರ್ಖಾನೆಯ ವಾಸನೆ ಒಳಗೆ ಬಂತು. ಶೇಡಬಾಳದಲ್ಲಿ ಹತ್ತಿದ ಹುಡುಗರಲ್ಲಿ ಹೊಳೆಯ ಮಾತು. "ನನಗ ಈಸಾಕ ಬರತೈತಿ" ಎಂದ ಒಬ್ಬ. "ಮಲಾ ಪಣ ಪೋಹಾಯ್ಲಾ ಯೇತಂ" ಎಂದ ಇನ್ನೊಬ್ಬ. ನನಗ ಮಲಾ, ಈಸಾಕ ಪೋಹಾಯ್ಲಾ, ಬರತೈತಿ ಯೇತಂ. ಪದದ ಮೇಲೆ ಪದ ಇಟ್ಟರೆ ಕೂದಲಷ್ಟೂ ಆಚೀಚೆ ಇಲ್ಲ. ನಡುವೆ ನುಸುಳಿದ ಆ ‘ಪಣ’ವೂ ನಮ್ಮ ‘ಸುದ್ದಾ’ದ ಜಾಗಕ್ಕೇ ಬಂದು ಕೂತಿದೆ. ಈ ಕಡೆಯ ಕನ್ನಡವನ್ನು ‘ಕಲಬೆರಕೆ’ ಎಂದು ಮೂಗು ಮುರಿಯುವವರು ಒಮ್ಮೆ ಈ ಗಾಡಿ ಹತ್ತಬೇಕು.

ಭಾಷಾವಿಜ್ಞಾನಿಗಳು ಹತ್ತಿದ್ದಾರೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಪ್ರಬಂಧ ಗಡಿಯಾಚೆಯ ಸಾಂಗ್ಲಿ ಜಿಲ್ಲೆಯ ಒಂದು ಹಳ್ಳಿಯದು; ಅವರ ಬರಹದಲ್ಲಿ ಅದರ ಹೆಸರು ಕುಪ್ವಾರ್. ಅಲ್ಲಿ ಜೈನರ, ಲಿಂಗಾಯತರ ಕನ್ನಡ, ಮುಸಲ್ಮಾನರ ಉರ್ದು, ಎಲ್ಲರ ನಡುವೆ ಓಡಾಡುವ ಮರಾಠಿ. ಶತಮಾನಗಳ ಒಡನಾಟದಲ್ಲಿ ಶಬ್ದಗಳು ಬೇರೆಬೇರೆಯಾಗಿಯೇ ಉಳಿದು ವಾಕ್ಯದ ಕಟ್ಟು ಒಂದಾಗಿತ್ತು. ತಪ್ಪಲ ಕೊಯ್ದು ತಗೊಂಡು ಬಂದೆ ಎಂಬುದನ್ನು ಮೂರೂ ಭಾಷೆಯಲ್ಲಿ ಪದಕ್ಕೆ ಪದ ಕೂಡಿಸಿ ಹೇಳಬಹುದಿತ್ತು. ಎಲ್ಲವನ್ನೂ ಗಡಿಯ ಲೆಕ್ಕಕ್ಕೇ ಬರೆಯುವಂತಿಲ್ಲ ಅನ್ನಿ. ಮೈಸೂರಿನವರೂ ‘ಹೋಗೋಕೆ’ ಎನ್ನುತ್ತಾರೆ, ಅವರಿಗೆ ಅದನ್ನು ಮರಾಠಿಯವರೇನೂ ಕಲಿಸಿಕೊಟ್ಟಿಲ್ಲ.

ಇಷ್ಟರಲ್ಲಿ ಹುಡುಗಿ ಪೆನ್ಸಿಲ್ ಹಿಡಿದು ಪಟ್ಟಿಯನ್ನೆಲ್ಲ ನನ್ನ ಸೂತ್ರಕ್ಕೆ ಒರೆಹಚ್ಚುತ್ತಿದ್ದಳು. ವಿಜಯನಗರ ಬರುವ ಹೊತ್ತಿಗೆ ತಲೆ ಎತ್ತಿದಳು.

"ಸಜೆಸ್ಟ್ ಅಂದ್ರ ಇನ್ನೂ ಆಗದ್ದ ಅಲ್ರಿ? ಪೋಸ್ಟ್‌ಪೋನ್ ಅಂತೂ ಮುಂದ ಹಾಕೂದ. ಇವಕ್ಯಾಕ ಇಂಗ್ ಹಚ್ಯಾರ?"

"ಅವನ್ನ ಬಾಯಿಪಾಠಾನ ಮಾಡಬೇಕವಾ," ಎಂದೆ.

"ನಾ ಆಗಳೇ ಹೇಳಿದ್ನೆಲ್ರಿ!" ಎಂದರು ಮಾಮಾ.