ಸೊನ್ನೆಯಿಂದ ಅರುವತ್ತರವರೆಗೆ

ಶಾಲೆಗಳಲ್ಲಿ ನಡೆಯುವ ಓಟದ ಪಂದ್ಯವನ್ನು ನೋಡಿದವರಿಗೆಲ್ಲ ಒಂದು ಸಂಗತಿಯು ಪರಿಚಿತವಾಗಿಯೇ ಇರುವುದು. ಸುಣ್ಣದ ಗೆರೆಯ ಹಿಂದೆ ಹುಡುಗರು ಸಾಲಾಗಿ ನಿಂತಿರುವರು. ಉಪಾಧ್ಯಾಯರು ಗೆರೆಯ ಉದ್ದಕ್ಕೂ ನಡೆಯುತ್ತ, ಯಾವನ ಹೆಬ್ಬೆರಳು ಗೆರೆಯನ್ನು ದಾಟಿರುವುದೋ ಅವನನ್ನು ಹಿಂದಕ್ಕೆ ಸರಿಸುವರು. ಅವರು ಆ ಕೊನೆಗೆ ಹೋದೊಡನೆ ಈ ಕೊನೆಯ ಹೆಬ್ಬೆರಳು ಮತ್ತೆ ಮುಂದಕ್ಕೆ ಬರುವುದು. ಗೆಲವು ಸೋಲುಗಳು ಗುರಿಯ ಹಗ್ಗದ ಬಳಿ ನಿರ್ಣಯವಾಗುವುವೆಂದು ನೋಡುವವರ ಎಣಿಕೆ. ಹೊರಡುವ ಗೆರೆಯ ಬಳಿಯಲ್ಲಿಯೇ ಅರ್ಧ ನಿರ್ಣಯವಾಗಿ ಹೋಗುವುದೆಂಬುದನ್ನು ಹುಡುಗರು ಬಲ್ಲರು. ಗಡಿಯಾರವನ್ನು ಹಿಡಿದು ದೂರದಲ್ಲಿ ನಿಂತವರಿಗೂ ಒಂದು ನಿಯಮವುಂಟು. ಪಿಸ್ತೂಲಿನ ಸದ್ದನ್ನು ಕೇಳಿ ಗುಂಡಿಯನ್ನು ಒತ್ತಬಾರದು. ಅದರ ಹೊಗೆಯನ್ನು ಕಂಡು ಒತ್ತಬೇಕು. ಶಬ್ದವು ನೂರು ಮೀಟರು ದೂರವನ್ನು ದಾಟಿ ಬರಲು ಸುಮಾರು ೦.೩ ಸೆಕೆಂಡು ಹಿಡಿಯುವುದು. ಕಣ್ಣನ್ನು ಬಿಟ್ಟು ಕಿವಿಯನ್ನು ನಂಬಿದರೆ ಓಡುವವನಿಗೆ ಅಷ್ಟು ಕಾಲವು ಪುಕ್ಕಟೆಯಾಗಿ ದೊರೆಯುವುದು.

ಈ ಹೆಬ್ಬೆರಳಿನ ವ್ಯವಹಾರವು ಹುಡುಗರ ಆಟಕ್ಕೆ ಮಾತ್ರ ಮೀಸಲಾದುದಲ್ಲ. ಕೋಟ್ಯಂತರ ರೂಪಾಯಿ ಬೆಲೆಬಾಳುವ ಸ್ಪೋರ್ಟ್ಸ್ ಕಾರುಗಳ ವೇಗೋತ್ಕರ್ಷವನ್ನು ಅಳೆದು ಹೋಲಿಸುವಲ್ಲಿಯೂ ಅದೇ ಗೆರೆ, ಅದೇ ಹೆಬ್ಬೆರಳು, ಹೆಚ್ಚುಕಡಿಮೆ ಅದೇ ೦.೩ ಸೆಕೆಂಡು ಕಾಣಬರುವುವು. ನಿಂತ ಗಾಡಿಯು ಗಂಟೆಗೆ ೬೦ ಮೈಲಿಯ ವೇಗವನ್ನು ಪಡೆಯಲು ಎಷ್ಟು ಸೆಕೆಂಡು ಬೇಕು ಎಂಬುದೇ ಈ ವೇಗೋತ್ಕರ್ಷಕ್ಕೆ ಲೋಕಪ್ರಸಿದ್ಧವಾದ ಅಳತೆ. ಇಂದಿನ ಹುಡುಗರಲ್ಲಿ ಎಷ್ಟೋ ಮಂದಿ ಈ ಅಂಕಿಗಳನ್ನು ಹಿಂದಿನವರು ಅಮರಕೋಶವನ್ನು ಮಾಡುತ್ತಿದ್ದಂತೆ ಕಂಠಪಾಠ ಮಾಡಿರುವರು. ಆ ಗಾಡಿಗೆ ೨.೯, ಈ ಗಾಡಿಗೆ ೩.೧, ಆದುದರಿಂದ ಆ ಗಾಡಿಯೇ ಮೇಲು ಎಂದು ವಾದವು ಅಲ್ಲಿಗೆ ಮುಗಿಯುವುದು. ಆ ೨.೯ ಎಂಬುದು ಎಲ್ಲಿಂದ ಎಣಿಸಿದುದು, ಯಾರು ಎಣಿಸಿದುದು, ಯಾವ ನೆಲದ ಮೇಲೆ ಎಣಿಸಿದುದು ಎಂದು ಕೇಳುವವರು ವಿರಳ.

ಇಷ್ಟು ಸಣ್ಣ ಕಾಲವು ಹಿರಿಯರ ಲೆಕ್ಕದಲ್ಲಿ ಎಷ್ಟಾಗುವುದೆಂದು ನೋಡುವುದು ಅಪ್ರಸ್ತುತವಾಗಲಾರದು. ಸೂರ್ಯಸಿದ್ಧಾಂತದ ಮಾನದಂತೆ ಆರು ಪ್ರಾಣಗಳು ಒಂದು ವಿನಾಡಿ, ಅರುವತ್ತು ವಿನಾಡಿಗಳು ಒಂದು ನಾಡಿ. ನಾಡಿಗೆ ೨೪ ನಿಮಿಷಗಳಾದುದರಿಂದ ಪ್ರಾಣವೆಂಬುದು ಸರಿಯಾಗಿ ೪ ಸೆಕೆಂಡು. ಸ್ವಸ್ಥನಾದ ಮನುಷ್ಯನ ಒಂದು ಉಸಿರಿನ ಅವಧಿ. ಅರುವತ್ತು ಗುರ್ವಕ್ಷರಗಳ ಉಚ್ಚಾರಣೆಗೆ ಒಂದು ವಿನಾಡಿ ಎಂದು ಆರ್ಯಭಟನ ಗಣನೆ. ಅಂದರೆ ಒಂದು ಗುರುವಿಗೆ ೦.೪ ಸೆಕೆಂಡು, ಅದರ ಅರ್ಧವಾದ ಲಘುವಿಗೆ ೦.೨ ಸೆಕೆಂಡು. ೧೯೯೪ರಲ್ಲಿ ಇಂಗ್ಲೆಂಡಿನ ಆಟೋಕಾರ್ ಪತ್ರಿಕೆಯವರು ಮೆಕ್ಲಾರೆನ್ ಎಫ್ ೧ ಎಂಬ ಗಾಡಿಯನ್ನು ಪರೀಕ್ಷಿಸಿದಾಗ ಅದು ೩.೨ ಸೆಕೆಂಡಿನಲ್ಲಿ ೬೦ ಮೈಲಿಯ ವೇಗವನ್ನು ಮುಟ್ಟಿತು. ಒಂದು ಉಸಿರು ಪೂರ್ತಿಯಾಗುವುದರೊಳಗಾಗಿ ನಡೆದುಹೋದ ಕಾರ್ಯವಿದು. ಇಂಥ ಕಾರ್ಯವನ್ನು ಅಳೆಯುವಾಗ ಒಂದು ಲಘುವನ್ನು ಬಿಟ್ಟರೂ ಸೇರಿಸಿದರೂ ಛಂದಸ್ಸೇ ಕೆಡುವುದೆಂಬುದು ಸ್ಪಷ್ಟ.

ಈ ಅಳತೆಯನ್ನು ರೂಢಿಗೆ ತಂದ ಕೀರ್ತಿಯು ಸಾಮಾನ್ಯವಾಗಿ ಟಾಮ್ ಮೆಕಾಹಿಲ್ ಎಂಬ ಅಮೆರಿಕದ ಲೇಖಕರಿಗೆ ಸಲ್ಲುತ್ತದೆ. ಎರಡನೆಯ ಮಹಾಯುದ್ಧವು ಮುಗಿದ ಮೇಲೆ, ೧೯೪೬ರಿಂದ, ಅವರು ಮೆಕ್ಯಾನಿಕ್ಸ್ ಇಲಸ್ಟ್ರೇಟೆಡ್ ಎಂಬ ಪತ್ರಿಕೆಗಾಗಿ ಗಾಡಿಗಳನ್ನು ತಾವೇ ನಡೆಯಿಸಿ ಪರೀಕ್ಷಿಸಿ ಬರೆಯುತ್ತಿದ್ದರು. ಗಂಟೆಗೆ ೬೦ ಮೈಲಿಯೆಂದರೆ ನಿಮಿಷಕ್ಕೆ ಒಂದು ಮೈಲಿ. ಲೆಕ್ಕಕ್ಕೂ ಸುಲಭ, ಬಾಯಿಗೂ ಸುಲಭ. ಕಿಲೋಮೀಟರನ್ನು ಅನುಸರಿಸುವ ದೇಶಗಳಲ್ಲಿ ಇದಕ್ಕೆ ಬದಲಾಗಿ ೧೦೦ ಕಿಲೋಮೀಟರಿನ ವೇಗವನ್ನು ಗುರಿಯಾಗಿಟ್ಟುಕೊಂಡರು. ಇವೆರಡೂ ಒಂದೇ ಎಂದು ಭಾವಿಸುವುದು ಮೊದಲನೆಯ ಭ್ರಾಂತಿ. ೬೦ ಮೈಲಿಯೆಂದರೆ ೯೬.೫೬ ಕಿಲೋಮೀಟರು ಮಾತ್ರ. ಉಳಿದ ಮೂರೂವರೆ ಕಿಲೋಮೀಟರಿನ ವೇಗವನ್ನು ಪಡೆಯಲು ಬಲಶಾಲಿಯಾದ ಗಾಡಿಗೂ ಇನ್ನು ೦.೧ ಸೆಕೆಂಡಿನಷ್ಟಾದರೂ ಹಿಡಿಯುವುದು. ಒಂದರ ಅಂಕಿಯನ್ನು ಇನ್ನೊಂದರ ಅಂಕಿಯ ಪಕ್ಕದಲ್ಲಿ ಇಟ್ಟು ತೂಗುವವರು ಸೇರನ್ನೂ ಲೀಟರನ್ನೂ ಒಂದೇ ಅಳತೆಯೆಂದು ಹಾಲು ಕೊಳ್ಳುವವರಂತೆ.

ಅಳೆಯುವ ಸಾಧನಗಳೂ ಕಾಲಕ್ರಮದಲ್ಲಿ ಬೆಳೆದುವು. ಮೊದಲು ಸ್ಟಾಪ್‌ವಾಚು ಹಾಗೂ ಗಾಡಿಯ ವೇಗದ ಮುಳ್ಳು ಇವೆರಡೇ ಆಧಾರವಾಗಿದ್ದುವು. ಮುಳ್ಳಾದರೋ ಸಾಮಾನ್ಯವಾಗಿ ನಿಜವಾದ ವೇಗಕ್ಕಿಂತ ತುಸು ಹೆಚ್ಚನ್ನೇ ತೋರಿಸತಕ್ಕದ್ದು. ಅದನ್ನು ನಂಬಿದರೆ ಗಾಡಿಯು ೬೦ನ್ನು ಮುಟ್ಟುವ ಮೊದಲೇ ಗಡಿಯಾರವು ನಿಲ್ಲುವುದು. ಆದುದರಿಂದ ಪರೀಕ್ಷಕರು ಗಾಡಿಯ ಹಿಂದೆ ಸೈಕಲ್ಲಿನ ಚಕ್ರವನ್ನು ಹೋಲುವ ಐದನೆಯ ಚಕ್ರವೊಂದನ್ನು ಕಟ್ಟಿ, ಅದರ ಸುತ್ತುಗಳಿಂದ ವೇಗವನ್ನು ಗಣಿಸಿದರು. ಗಾಡಿಯ ಚಕ್ರಗಳು ಹೊರಡುವಾಗ ಜಾರಿ ನಿಂತಲ್ಲಿಯೇ ತಿರುಗಬಹುದು. ಯಂತ್ರದ ಎಳೆತಕ್ಕೆ ಒಳಗಾಗದ ಐದನೆಯ ಚಕ್ರವು ಹಾಗೆ ತಿರುಗದು. ಈಗ ಆ ಚಕ್ರದ ಸ್ಥಾನವನ್ನು ಆಕಾಶದ ಕೃತಕ ಉಪಗ್ರಹಗಳು ಪಡೆದಿವೆ. ಅವುಗಳಿಂದ ಬರುವ ರೇಡಿಯೋ ಅಲೆಗಳ ಆವೃತ್ತಿಯಲ್ಲಿ ಗಾಡಿಯ ಚಲನೆಯಿಂದುಂಟಾಗುವ ವ್ಯತ್ಯಾಸವನ್ನು ಹಿಡಿದು, ಅಂಗೈಯಗಲದ ಯಂತ್ರವೊಂದು ಸೆಕೆಂಡಿಗೆ ನೂರು ಬಾರಿ ವೇಗವನ್ನು ಬರೆದಿಡುವುದು. ಸಾಧನದಲ್ಲಿ ಇನ್ನು ದೋಷವಿಲ್ಲವೆನ್ನಬಹುದು. ಆದರೆ ಎಲ್ಲಿಂದ ಎಣಿಸಬೇಕೆಂಬುದನ್ನು ಯಂತ್ರವು ಹೇಳಲಾರದು. ಅದನ್ನು ಮನುಷ್ಯನೇ ಹೇಳಬೇಕು.

ಇಲ್ಲಿ ಆ ಹೆಬ್ಬೆರಳು ಮತ್ತೆ ಕಾಣಿಸಿಕೊಳ್ಳುವುದು. ಅಮೆರಿಕದಲ್ಲಿ ಡ್ರ್ಯಾಗ್ ಪಂದ್ಯವೆಂಬ ಆಟವೊಂದುಂಟು. ಎರಡು ಗಾಡಿಗಳು ಕಾಲು ಮೈಲಿಯ, ಅಂದರೆ ೧,೩೨೦ ಅಡಿಯ, ನೇರವಾದ ದಾರಿಯಲ್ಲಿ ಸ್ಪರ್ಧಿಸುವುವು. ಈ ಆಟಕ್ಕೆ ನಿಯಮಗಳನ್ನು ಕಟ್ಟಿಕೊಟ್ಟ ರಾಷ್ಟ್ರೀಯ ಹಾಟ್ ರಾಡ್ ಸಂಘವು ೧೯೫೧ರಲ್ಲಿ ಸ್ಥಾಪಿತವಾಯಿತು. ಹೊರಡುವ ಗೆರೆಯಲ್ಲಿ ನೆಲದಿಂದ ಕೆಲವೇ ಅಂಗುಲ ಮೇಲೆ ಬೆಳಕಿನ ಕಿರಣವೊಂದು ಅಡ್ಡಲಾಗಿ ಹಾಯುತ್ತಿರುವುದು. ಗಾಡಿಯ ಮುಂದಿನ ಚಕ್ರವು ಆ ಕಿರಣವನ್ನು ಮರೆಮಾಡಿ ನಿಲ್ಲುವುದು. ಚಕ್ರವು ಸರಿದು ಕಿರಣವು ಮತ್ತೆ ಹಾಯ್ದಾಗ ಗಡಿಯಾರವು ಹೊರಡುವುದು. ಚಕ್ರವು ದುಂಡಾಗಿರುವುದರಿಂದ, ಕಿರಣದ ಮಟ್ಟದಲ್ಲಿ ಅದಕ್ಕೆ ಸಾಕಷ್ಟು ಅಗಲವಿರುವುದು. ಆ ಅಗಲವೆಲ್ಲ ಸರಿದು ಹೋಗುವಷ್ಟರಲ್ಲಿ ಗಾಡಿಯು ಸುಮಾರು ಒಂದು ಅಡಿ ಮುಂದಕ್ಕೆ ಉರುಳಿರುವುದು. ಗಾಡಿಯು ಹೊರಟಿತು, ಗಡಿಯಾರವು ಇನ್ನೂ ಹೊರಟಿಲ್ಲ! ಈ ಒಂದು ಅಡಿಗೆ ಅವರು ರೋಲ್‌ಔಟ್ ಎಂದು ಹೆಸರಿಟ್ಟಿರುವರು. ಪಂದ್ಯದ ದಾರಿಯ ಅಂಕಿಗಳೊಡನೆ ತಮ್ಮ ಅಂಕಿಗಳು ಹೊಂದಬೇಕೆಂದು ಕಾರ್ ಆ್ಯಂಡ್ ಡ್ರೈವರ್, ಮೋಟಾರ್ ಟ್ರೆಂಡ್ ಮೊದಲಾದ ಅಮೆರಿಕದ ಪತ್ರಿಕೆಗಳೂ ಆ ಅಡಿಯನ್ನು ಕಳೆದೇ ಕಾಲವನ್ನು ಪ್ರಕಟಿಸುತ್ತ ಬಂದಿವೆ. ಯೂರೋಪಿನ ಪತ್ರಿಕೆಗಳು ಸಾಮಾನ್ಯವಾಗಿ ಗಾಡಿಯು ಅಲುಗಿದ ಕ್ಷಣದಿಂದಲೇ ಎಣಿಸುವುವು.

ಒಂದು ಅಡಿಯಲ್ಲೇನಿದೆ ಎನ್ನುವವರು ಲೆಕ್ಕವನ್ನು ಮಾಡಿ ನೋಡಬಹುದು. ೩ ಸೆಕೆಂಡಿನಲ್ಲಿ ೬೦ ಮೈಲಿಯ ವೇಗವನ್ನು ಮುಟ್ಟುವ ಗಾಡಿಯ ವೇಗವು ಪ್ರತಿ ಸೆಕೆಂಡಿಗೂ ಸುಮಾರು ೯ ಮೀಟರಿನಂತೆ ಹೆಚ್ಚುವುದು. ಅದು ಮೊದಲನೆಯ ಅಡಿಯನ್ನು ದಾಟಲು ೦.೨೬ ಸೆಕೆಂಡು ಬೇಕು. ಒಂದು ಲಘುವಿಗಿಂತ ಹೆಚ್ಚು, ಒಂದು ಗುರುವಿಗಿಂತ ಕಡಿಮೆ. ಆ ಹೊತ್ತಿಗೆ ಗಾಡಿಯು ಗಂಟೆಗೆ ೫ ಮೈಲಿಗಿಂತ ಹೆಚ್ಚಿನ ವೇಗವನ್ನು ಪಡೆದಿರುವುದು. ಅಂದಮೇಲೆ ಸೊನ್ನೆಯಿಂದ ಅರುವತ್ತು ಎಂಬ ಹೆಸರಿನಲ್ಲಿ ಪ್ರಕಟವಾಗುವುದು ವಾಸ್ತವವಾಗಿ ಐದರಿಂದ ಅರುವತ್ತು. ಅರ್ಧ ಮಾತ್ರೆ ಉಳಿದರೆ ವೈಯಾಕರಣರಿಗೆ ಗಂಡುಮಗು ಹುಟ್ಟಿದಷ್ಟು ಸಂತೋಷವೆಂದು ಪಂಡಿತರು ಹಾಸ್ಯಮಾಡುವುದುಂಟು. ಇಲ್ಲಿ ಉಳಿದಿರುವುದು ಒಂದು ಪೂರ್ಣ ಮಾತ್ರೆಗಿಂತ ಹೆಚ್ಚು. ಗಾಡಿಗಳನ್ನು ಮಾರುವವರ ಸಂತೋಷವನ್ನು ಊಹಿಸಬಹುದು.

ಹಾಗೆಂದು ಈ ರೂಢಿಯನ್ನು ಮೋಸವೆಂದು ಕರೆಯುವುದು ನ್ಯಾಯವಲ್ಲ. ಎಲ್ಲರಿಗೂ ಒಂದೇ ಗೆರೆಯಾದರೆ ಗೆರೆಯು ಎಲ್ಲಿದ್ದರೂ ಬಾಧಕವಿಲ್ಲ. ಕ್ರೊಯೇಷಿಯದ ರಿಮಾಟ್ಸ್ ಕಾರ್ಖಾನೆಯವರು ೨೦೨೩ರಲ್ಲಿ ಜರ್ಮನಿಯ ಪಾಪೆನ್‌ಬುರ್ಗ್ ಪರೀಕ್ಷಾರಂಗದಲ್ಲಿ ತಮ್ಮ ನೆವೆರಾ ಎಂಬ ವಿದ್ಯುತ್ ಗಾಡಿಯಿಂದ ಒಂದೇ ದಿನ ೨೩ ದಾಖಲೆಗಳನ್ನು ಮಾಡಿಸಿದಾಗ, ೬೦ ಮೈಲಿಗೆ ೧.೭೪ ಸೆಕೆಂಡು ಎಂದು ಸಾರಿ, ಇದು ಒಂದು ಅಡಿಯ ರೋಲ್‌ಔಟನ್ನು ಕಳೆದ ಲೆಕ್ಕವೆಂದೂ ತಿಳಿಸಿದರು. ಹೊರಗಿನ ಎರಡು ಮಾಪನ ಸಂಸ್ಥೆಗಳು ಅದನ್ನು ಪರಿಶೀಲಿಸಿದ್ದುವು. ಇದು ಸರಿಯಾದ ಮಾರ್ಗ. ಗೆರೆಯು ಸದ್ದಿಲ್ಲದೆ ಸರಿದಾಗಲೇ ಕೇಡು. ೨೦೨೧ರಲ್ಲಿ ಟೆಸ್ಲಾ ಸಂಸ್ಥೆಯು ತನ್ನ ಮಾಡೆಲ್ ಎಸ್ ಪ್ಲ್ಯಾಡ್ ಗಾಡಿಗೆ ೧.೯೯ ಸೆಕೆಂಡು ಎಂದು ಪ್ರಕಟಿಸಿತು. ರೋಲ್‌ಔಟನ್ನು ಕಳೆದಿದೆಯೆಂಬ ಮಾತು ಸಣ್ಣ ಅಕ್ಷರದಲ್ಲಿ ಕೆಳಗಿದ್ದಿತು. ಪಕ್ಕದಲ್ಲಿಯೇ ಇದ್ದ, ಅದಕ್ಕಿಂತ ಕಡಿಮೆ ಬೆಲೆಯ ಗಾಡಿಯ ಅಂಕಿಗೆ ಆ ಟಿಪ್ಪಣಿಯಿರಲಿಲ್ಲ. ಒಂದೇ ಅಂಗಡಿಯ ಒಂದೇ ಹಲಗೆಯ ಮೇಲೆ ಎರಡು ಸೊನ್ನೆಗಳು! ಹೆಚ್ಚಿನ ಹಣಕ್ಕೆ ಎಷ್ಟು ಹೆಚ್ಚಿನ ವೇಗವು ದೊರೆಯುವುದೆಂದು ಕೊಳ್ಳುವವನು ಕಳೆಯುವ ಲೆಕ್ಕ ಮಾಡಿದರೆ ಉತ್ತರವು ತಪ್ಪಾಗದೆ ಇದ್ದೀತೆ?

ಗೆರೆಯ ಪ್ರಶ್ನೆಯು ಮುಗಿದರೆ ನೆಲದ ಪ್ರಶ್ನೆಯು ಬರುವುದು. ಯಂತ್ರವು ಎಷ್ಟೇ ಬಲಿಷ್ಠವಾಗಿರಲಿ, ಗಾಡಿಯನ್ನು ಮುಂದಕ್ಕೆ ನೂಕುವುದು ಟೈರಿಗೂ ನೆಲಕ್ಕೂ ಇರುವ ಘರ್ಷಣೆ. ಆ ಘರ್ಷಣೆಯ ಬಲವು ಗಾಡಿಯ ತೂಕಕ್ಕೆ ಸಮನಾಗಿದ್ದರೆ ವೇಗೋತ್ಕರ್ಷವು ಗುರುತ್ವದ ವೇಗೋತ್ಕರ್ಷವನ್ನು ಮೀರಲಾರದು. ಆಗ ೬೦ ಮೈಲಿಗೆ ೨.೭೩ ಸೆಕೆಂಡಿಗಿಂತ ಕಡಿಮೆಯಾಗುವುದು ಅಸಾಧ್ಯ. ಅದಕ್ಕಿಂತ ಬೇಗ ಹೋಗಬೇಕಾದರೆ ಟೈರು ಹೆಚ್ಚು ಕಚ್ಚಬೇಕು, ಇಲ್ಲವೆ ನೆಲವು ಹೆಚ್ಚು ಅಂಟಬೇಕು. ಪಂದ್ಯದ ದಾರಿಗಳಲ್ಲಿ ನೆಲಕ್ಕೆ ಅಂಟಿನ ದ್ರವ್ಯವನ್ನು ಬಳಿಯುವ ಪದ್ಧತಿಯುಂಟು. ಮೇಲೆ ಹೇಳಿದ ಪ್ಲ್ಯಾಡ್ ಗಾಡಿಯನ್ನು ಮೋಟಾರ್ ಟ್ರೆಂಡ್ ಪತ್ರಿಕೆಯವರು ೨೦೨೧ರಲ್ಲಿ ಅಂಥ ನೆಲದ ಮೇಲೆ ನಡೆಯಿಸಿದಾಗ ೧.೯೮ ಸೆಕೆಂಡು ಬಂದಿತು. ಸಾಮಾನ್ಯವಾದ ಡಾಮರಿನ ಮೇಲೆ ೨.೦೭ ಬಂದಿತು. ಗಾಡಿಯು ಅದೇ, ಪತ್ರಿಕೆಯೂ ಅದೇ, ಎರಡರಲ್ಲಿಯೂ ರೋಲ್‌ಔಟನ್ನು ಕಳೆದಿದ್ದಿತು. ನೆಲವು ಮಾತ್ರ ಬೇರೆ. ಎರಡು ಸೆಕೆಂಡಿನ ಒಳಗೆ ಎಂಬ ಬಿರುದು ಒಂದು ನೆಲದಲ್ಲಿ ಉಂಟು, ಇನ್ನೊಂದರಲ್ಲಿ ಇಲ್ಲ.

ಇನ್ನು ಗಾಳಿ, ಇಳಿಜಾರು, ಭಾರ, ಹವೆ ಇವುಗಳ ಪಾಲೂ ಉಂಟು. ಬೆನ್ನಿಗೆ ಬೀಸುವ ಗಾಳಿಯೂ ಕಣ್ಣಿಗೆ ಕಾಣದ ಇಳಿಜಾರೂ ಗಾಡಿಗೆ ನೆರವಾಗುವುವು. ಆದುದರಿಂದ ಎಚ್ಚರವುಳ್ಳ ಪರೀಕ್ಷಕರು ಒಂದೇ ದಾರಿಯಲ್ಲಿ ಹೋಗಿ ಹಿಂದಿರುಗಿ, ಎರಡರ ಸರಾಸರಿಯನ್ನು ತೆಗೆಯುವರು. ಗಾಡಿಯಲ್ಲಿ ಒಬ್ಬನಿದ್ದನೋ ಇಬ್ಬರಿದ್ದರೋ, ಪೆಟ್ರೋಲು ತುಂಬಿದ್ದಿತೋ ತಳಕಂಡಿದ್ದಿತೋ ಎಂಬುದೂ ಲೆಕ್ಕಕ್ಕೆ ಸೇರತಕ್ಕದ್ದು. ಎತ್ತರದ ಪ್ರದೇಶದ ತೆಳುವಾದ ಗಾಳಿಯಲ್ಲಿ ಪೆಟ್ರೋಲಿನ ಯಂತ್ರವು ಬಲಗುಂದುವುದು. ವಿದ್ಯುತ್ತಿನ ಯಂತ್ರಕ್ಕೆ ಆ ಕೊರತೆಯಿಲ್ಲ. ಕೆಲವರು ಇದನ್ನು ಗಣಿತದಿಂದ ತಿದ್ದಿ, ಸಮುದ್ರಮಟ್ಟದ ತಂಪು ಹವೆಗೆ ಸರಿಹೊಂದಿಸಿ ಪ್ರಕಟಿಸುವರು. ಕೆಲವರು ಬಂದುದನ್ನು ಬಂದಂತೆಯೇ ಬರೆಯುವರು. ಎರಡು ಕ್ರಮವೂ ಒಪ್ಪತಕ್ಕದ್ದೇ. ಯಾವುದನ್ನು ಅನುಸರಿಸಿದರೆಂಬುದು ಓದುವವನಿಗೆ ತಿಳಿದಿರಬೇಕು, ಅಷ್ಟೆ.

ಇವೆಲ್ಲವೂ ಅಳತೆಯ ಭೇದಗಳು. ಅಳೆಯಲ್ಪಡುವ ವಸ್ತುವೇ ಬೇರೆಯಾದರೆ? ೧೯೬೪ರ ಮಾರ್ಚಿಯಲ್ಲಿ ಕಾರ್ ಆ್ಯಂಡ್ ಡ್ರೈವರ್ ಪತ್ರಿಕೆಯು ಅಮೆರಿಕದ ಪಾಂಟಿಯಾಕ್ ಜಿ.ಟಿ.ಓ. ಗಾಡಿಯನ್ನು ಅದೇ ಹೆಸರಿನ ಇಟಲಿಯ ಫೆರಾರಿಯೊಡನೆ ಹೋಲಿಸಿ ಬರೆಯಿತು. ಫೆರಾರಿಯು ಪರೀಕ್ಷೆಗೆ ಬಂದೇ ಇರಲಿಲ್ಲ. ಹೋಲಿಕೆಯು ಕಾಗದದ ಮೇಲೆ ನಡೆಯಿತು. ಪಾಂಟಿಯಾಕಿಗೆ ೬೦ ಮೈಲಿಗೆ ೪.೬ ಸೆಕೆಂಡು ಎಂದು ಅಚ್ಚಾಯಿತು. ಸಾಮಾನ್ಯ ಬೆಲೆಯ ಗಾಡಿಗೆ ಆ ಕಾಲದಲ್ಲಿ ಅದು ಅದ್ಭುತವಾದ ಅಂಕಿ. ಆ ಮಾದರಿಯ ವರ್ಷದಲ್ಲಿ ೩೨,೪೫೦ ಜಿ.ಟಿ.ಓ.ಗಳು ಮಾರಾಟವಾದುವು. ಪಾಂಟಿಯಾಕಿನ ಜಾಹೀರಾತಿನ ಕೆಲಸವನ್ನು ನೋಡಿಕೊಳ್ಳುತ್ತಿದ್ದ ಜಿಮ್ ವ್ಯಾಂಗರ್ಸ್ ಎಂಬವರು ೧೯೯೮ರಲ್ಲಿ ಪ್ರಕಟವಾದ ತಮ್ಮ ಸ್ಮೃತಿಗ್ರಂಥದಲ್ಲಿ ನಿಜವನ್ನು ಒಪ್ಪಿಕೊಂಡರು: ಪರೀಕ್ಷೆಗೆ ಕಳುಹಿಸಿದ ಗಾಡಿಯಲ್ಲಿ, ಕೊಳ್ಳುವವರಿಗೆ ದೊರೆಯುತ್ತಿದ್ದ ೩೮೯ ಘನ ಅಂಗುಲದ ಯಂತ್ರವಿರಲಿಲ್ಲ, ೪೨೧ ಘನ ಅಂಗುಲದ ಬೇರೊಂದು ಯಂತ್ರವಿದ್ದಿತು. ಸತ್ಯವು ಹೊರಬರಲು ಮೂವತ್ತನಾಲ್ಕು ವರ್ಷಗಳು ಹಿಡಿದುವು. ಅಷ್ಟು ದಿನವೂ ೪.೬ ಎಂಬುದು ಸಾಕ್ಷಿಯಂತೆ ನಿಂತಿದ್ದಿತು. ಗಡಿಯಾರವು ಸುಳ್ಳು ಹೇಳಲಿಲ್ಲ; ಅದು ಬೇರೊಬ್ಬನ ವಿಷಯವಾಗಿ ನಿಜವನ್ನು ಹೇಳಿತು.

ಅಂಕಿಗಳನ್ನು ಪ್ರಕಟಿಸುವವರಲ್ಲಿ ವಿವೇಕಿಗಳೂ ಉಂಟು. ಅದೇ ಕಾರ್ ಆ್ಯಂಡ್ ಡ್ರೈವರ್ ಪತ್ರಿಕೆಯು ಕಾಲಾನಂತರದಲ್ಲಿ, ಮೆಲ್ಲಗೆ ೫ ಮೈಲಿಯ ವೇಗದಲ್ಲಿ ಹೋಗುತ್ತಿರುವ ಗಾಡಿಯು ೬೦ನ್ನು ಮುಟ್ಟುವ ಕಾಲವನ್ನೂ ಬೇರೆಯಾಗಿ ಕೊಡತೊಡಗಿತು. ನಿಂತಲ್ಲಿಂದ ನೆಗೆಯುವ ಗಾಡಿಯಲ್ಲಿ ಯಂತ್ರವನ್ನು ಮೊದಲೇ ಕೆರಳಿಸಿ, ಒಮ್ಮೆಲೇ ಬಿಡುವ ಉಪಾಯಗಳಿರುವುವು. ಉರುಳುತ್ತಿರುವ ಗಾಡಿಗೆ ಅವು ದೊರೆಯುವುದಿಲ್ಲ. ಆದುದರಿಂದ ಎಷ್ಟೋ ಪೆಟ್ರೋಲು ಗಾಡಿಗಳು ಈ ಎರಡನೆಯ ಪರೀಕ್ಷೆಯಲ್ಲಿ ಹೆಚ್ಚು ಕಾಲವನ್ನು ತೆಗೆದುಕೊಳ್ಳುವುವು. ಎರಡು ಅಂಕಿಗಳ ಅಂತರವನ್ನು ನೋಡಿದರೆ, ಬಲದಲ್ಲಿ ನಿತ್ಯದ ಉಪಯೋಗಕ್ಕೆ ಬರುವುದೆಷ್ಟು, ಪ್ರದರ್ಶನದ್ದೆಷ್ಟು ಎಂಬುದು ತಾನೇ ತಿಳಿಯುವುದು.

ಪ್ರಮಾಣವು ಶುದ್ಧವಾಗಿದ್ದರೆ ಪ್ರಮೇಯವು ಸಿದ್ಧಿಸುವುದೆಂದು ತರ್ಕಶಾಸ್ತ್ರವನ್ನು ಓದಿದವರು ಬಲ್ಲರು. ಗಾಡಿಯ ವಿಷಯದಲ್ಲಿ ತಪ್ಪಿದರೆ ನಷ್ಟವು ಹಣದ್ದು ಮಾತ್ರ ಎನ್ನಬಹುದು. ಆದರೆ ಅಂಕಿಯೊಂದನ್ನು ಕೇಳಿದಾಗ ಅದರ ಸೊನ್ನೆ ಎಲ್ಲಿದೆಯೆಂದು ವಿಚಾರಿಸುವ ಅಭ್ಯಾಸವು ಎಳೆಯ ವಯಸ್ಸಿನಲ್ಲಿ ತಪ್ಪಿದರೆ, ಮುಂದೆ ಪರೀಕ್ಷೆಯ ಅಂಕಗಳಲ್ಲಿ, ಔಷಧದ ಗುಣದಲ್ಲಿ, ಸಾಲದ ಬಡ್ಡಿಯಲ್ಲಿ ಆ ನಷ್ಟವು ಬೇರೆ ರೂಪದಿಂದ ಬಂದು ಸೇರುವುದು. ಆ ಗಾಡಿಗೆ ೨.೯, ಈ ಗಾಡಿಗೆ ೩.೧ ಎಂದು ಮನೆಯ ಹುಡುಗರು ವಾದಿಸುವಾಗ ಅವರನ್ನು ಗದರಿಸಿ ಓಡಿಸಬೇಕಾಗಿಲ್ಲ. ಗೆರೆಯನ್ನು ಎಲ್ಲಿ ಎಳೆದರು ಎಂದು ಒಂದು ಮಾತು ಕೇಳಿದರೆ ಸಾಕು. ಶಾಲೆಯ ಬಯಲಿನಲ್ಲಿ ಹೆಬ್ಬೆರಳನ್ನು ಮುಂದಿಟ್ಟು ಅನುಭವವುಳ್ಳ ಹುಡುಗರಿಗೆ ಉಳಿದುದು ತಾನಾಗಿಯೇ ಅರ್ಥವಾಗುವುದು.